ನಿಮಗಿದು ಗೊತ್ತೇ? ಕಚೇರಿಯ ಫೈಲು ಕ್ಲೌಡಿಗೆ ಹೋದ ಮೇಲೆ

ಡ್ರಾಪ್‌ಬಾಕ್ಸ್ ಹುಟ್ಟಿದ್ದು ಒಂದು ಮರೆವಿನಿಂದ. ಅದರ ಸ್ಥಾಪಕರಲ್ಲೊಬ್ಬರಾದ ಡ್ರೂ ಹ್ಯೂಸ್ಟನ್ ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಬಸ್ ಹತ್ತಿದ ದಿನ ಪೆನ್‌ಡ್ರೈವ್ ಮನೆಯಲ್ಲೇ ಉಳಿದಿತ್ತು. ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು, ಬೇಕಾದ ಫೈಲು ಇರಲಿಲ್ಲ. 2007ರಲ್ಲಿ ಕಂಪನಿ ಶುರುವಾಯಿತು.

ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಮೊದಲು ಸ್ಕೈಡ್ರೈವ್ ಆಗಿತ್ತು. ‘ಸ್ಕೈ’ ತಮ್ಮದು ಎಂದು ಬ್ರಿಟನ್ನಿನ ಟಿವಿ ಸಂಸ್ಥೆಯೊಂದು ಕೋರ್ಟಿಗೆ ಹೋಗಿ ಗೆದ್ದಿತು. 2014ರಲ್ಲಿ ಹೆಸರು ಬದಲಾಯಿತು.

ಕ್ಲೌಡ್ ಫೈಲ್ ಸೇವೆಗಳಲ್ಲಿ ಎರಡು ಜಾತಿ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಜೋಹೋ ವರ್ಕ್‌ಡ್ರೈವ್ ಸಿಂಕ್ ಮಾಡುವ ಜಾತಿಯವು. ಇವುಗಳಲ್ಲಿ ಸಿಂಕ್ ಮಾಡಿಕೊಂಡ ಪ್ರತಿ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇರುತ್ತದೆ, ಬದಲಾದದ್ದು ಎಲ್ಲ ಕಡೆಗೂ ಹರಿಯುತ್ತದೆ. ಅಮೆಜಾನ್ ಇಎಫ್‌ಎಸ್, ಅಮೆಜಾನ್ ಎಫ್‌ಎಸ್‌ಎಕ್ಸ್, ಅಜೂರ್ ಫೈಲ್ಸ್, ಗೂಗಲ್ ಫೈಲ್‌ಸ್ಟೋರ್ ಇನ್ನೊಂದು ಜಾತಿ. ಇಲ್ಲಿ ಫೈಲು ಒಂದೇ. ಹಳೆಯ ಆಫೀಸ್ ಸರ್ವರಿನ ಝಡ್ ಡ್ರೈವ್ ಇತ್ತಲ್ಲ, ಅದೇ ಕ್ಲೌಡಿಗೆ ಹೋಗಿ ಕೂತಿದೆ ಎನ್ನಿ. ಈ ವ್ಯತ್ಯಾಸ ತಿಳಿಯದೆ ಜಿಬಿಗೆ ಎಷ್ಟು ರೂಪಾಯಿ ಎಂದು ಮೊದಲೇ ಕೇಳುವವರೇ ಹೆಚ್ಚು.

ಅದರ ಪರಿಣಾಮ ಏನೆಂದು 20ನೇ ತಾರೀಖು ಜಿಎಸ್‌ಟಿ ರಿಟರ್ನ್ ತುಂಬುವ ಕಚೇರಿಗೆ ಹೋಗಿ ನೋಡಿ. ನೆಟ್ ಆಗಾಗ ಕಡಿತವಾಗುತ್ತಿದೆ. ಸಿಂಕ್ ಫೋಲ್ಡರಿನಲ್ಲಿರುವ ಮಾರಾಟದ ಎಕ್ಸೆಲ್ ಹಾಳೆಯನ್ನು ಇಬ್ಬರು ಒಟ್ಟಿಗೆ ತೆರೆದು ತುಂಬುತ್ತಿದ್ದಾರೆ. ನೆಟ್ ಬಂದಾಗ ಡ್ರಾಪ್‌ಬಾಕ್ಸ್ ಅದೇ ಹೆಸರಿನ ಪಕ್ಕ ‘ಕಾನ್ಫ್ಲಿಕ್ಟೆಡ್ ಕಾಪಿ’ ಎಂದು ಸೇರಿಸಿ ಎರಡನೇ ಫೈಲು ಇಡುತ್ತದೆ. ಯಾವುದು ಸರಿ ಎಂದು ಅದು ಹೇಳುವುದಿಲ್ಲ. ಸಂಜೆ ಏಳಕ್ಕೆ ಇಬ್ಬರೂ ಕೂತು ಸಾಲು ಸಾಲಾಗಿ ತಾಳೆ ನೋಡಬೇಕು. ಲೆಕ್ಕದ ಸಾಫ್ಟ್‌ವೇರಿನ ಡೇಟಾ ಫೋಲ್ಡರನ್ನೇ ಸಿಂಕ್‌ಗೆ ಹಾಕಿ ಇಬ್ಬರು ಕೆಲಸ ಮಾಡಿದರಂತೂ ಡೇಟಾವೇ ಕೆಟ್ಟುಹೋಗಬಹುದು. ಅಂಥ ಕೆಲಸಕ್ಕೆ ಎರಡನೇ ಜಾತಿಯದೇ ಬೇಕು.

ಅದರಲ್ಲೂ ನೋಡಿ ಆರಿಸಬೇಕು. ಇಎಫ್‌ಎಸ್ ಮಾತಾಡುವುದು 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಎನ್‌ಎಫ್‌ಎಸ್ ಭಾಷೆ. ಅದು ಲಿನಕ್ಸ್ ಯಂತ್ರಗಳಿಗೆ. ವಿಂಡೋಸ್ ಕಚೇರಿಗೆ ಎಸ್‌ಎಂಬಿ ಭಾಷೆ ತಿಳಿದ ಅಜೂರ್ ಫೈಲ್ಸ್ ಅಥವಾ ವಿಂಡೋಸ್‌ಗೆಂದೇ ಇರುವ ಎಫ್‌ಎಸ್‌ಎಕ್ಸ್ ಸರಿ.

ಅಮೆಜಾನ್ ತನ್ನ ಎಸ್3 ಎಂಬ ಸಂಗ್ರಹ ಸೇವೆಯ ಬಾಳಿಕೆಗೆ ಹೇಳುವ ಲೆಕ್ಕ ಶೇ. 99.999999999. ಒಟ್ಟು ಹನ್ನೊಂದು ಒಂಬತ್ತುಗಳು! ಆದರೆ ಇದು ಡಿಸ್ಕ್ ಕೆಟ್ಟರೆ ಸಿಗುವ ರಕ್ಷಣೆ. ನಿಮ್ಮ ಕೈಯಿಂದಲೇ ಅಳಿಸಿಹೋದರೆ ಹನ್ನೊಂದು ಒಂಬತ್ತೂ ಕಾಯುವುದಿಲ್ಲ. ಬಾಳಿಕೆ ಬೇರೆ, ಲಭ್ಯತೆ ಬೇರೆ ಎಂಬುದೂ ನೆನಪಿರಲಿ: ‘ಶೇ. 99.9 ಲಭ್ಯ’ ಎಂದು ಒಪ್ಪಂದದಲ್ಲಿದ್ದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೇವೆ ನಿಂತರೂ ಮಾತು ತಪ್ಪಿದಂತಲ್ಲ.

ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ. ವ್ಯವಹಾರದ ಒನ್‌ಡ್ರೈವ್‌ನಲ್ಲಿ 93 ದಿನ. ಏಪ್ರಿಲ್‌ನಲ್ಲಿ ಅಳಿಸಿದ ಇನ್‌ವಾಯ್ಸನ್ನು ಆಡಿಟರು ಸೆಪ್ಟೆಂಬರಿನಲ್ಲಿ ಕೇಳಿದರೆ ಎರಡರಲ್ಲೂ ಸಿಗದು. ಸಿಂಕ್ ಎಂದರೆ ಬ್ಯಾಕಪ್ ಅಲ್ಲವೇ ಅಲ್ಲ. ಅಳಿಸಿದ್ದೂ ಸಿಂಕ್ ಆಗುತ್ತದೆ.

ನೌಕರ ಕೆಲಸ ಬಿಟ್ಟರೆ? ಗೂಗಲ್‌ನಲ್ಲಿ ಅವರ ‘ಮೈ ಡ್ರೈವ್’ನಲ್ಲಿದ್ದ ಫೈಲುಗಳು ಅವರ ಖಾತೆಯವು. ಖಾತೆ ಅಳಿಸಿ 20 ದಿನ ಕಳೆದರೆ ಖಾತೆಯನ್ನು ಮರಳಿ ತರಲಾಗದು. ಗೂಗಲ್‌ನ ‘ಶೇರ್ಡ್ ಡ್ರೈವ್’ನಲ್ಲಿ ಇಟ್ಟದ್ದು ಸಂಸ್ಥೆಯ ಸ್ವತ್ತಾಗಿಯೇ ಉಳಿಯುತ್ತದೆ. ನನ್ನನ್ನು ಕೇಳಿದರೆ, ಇದೊಂದಕ್ಕೇ ಹೆಚ್ಚಿನ ದರದ ಪ್ಲಾನ್ ಬೇಕಾದರೂ ತೆಗೆದುಕೊಳ್ಳುವುದು ಲಾಭ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರ ಕಡತಗಳಿದ್ದ ‘ಜಿ-ಡ್ರೈವ್’ ಸುಟ್ಟುಹೋಯಿತು. 858 ಟೆರಾಬೈಟ್! ಗಾತ್ರ ಬಹಳ ದೊಡ್ಡದು ಎಂದು ಹೊರಗೆ ಬ್ಯಾಕಪ್ ಇಟ್ಟಿರಲಿಲ್ಲ. ಕೆಲಸದ ಕಡತಗಳನ್ನೆಲ್ಲ ಅದರಲ್ಲೇ ಇಡಬೇಕು ಎಂದು ಇಲಾಖೆಯೊಂದು ನೌಕರರಿಗೆ ಹೇಳಿತ್ತು. ಹೇಳಿದಂತೆ ನಡೆದುಕೊಂಡವರೇ ಎಲ್ಲ ಕಳೆದುಕೊಂಡರು. ಓದಿದಾಗ ಹೊಟ್ಟೆ ಉರಿಯಿತು.

ಅದಕ್ಕೂ ಮೊದಲು, 2024ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ಗೆ ಸೇರಿದ ಒಂದು ಪ್ರೈವೇಟ್ ಕ್ಲೌಡ್ ಗೂಗಲ್ ಕ್ಲೌಡ್‌ನಲ್ಲಿ ಅಳಿಸಿಹೋಯಿತು. ಕಾರಣ, ಸ್ಥಾಪಿಸುವಾಗ ಖಾಲಿ ಬಿಟ್ಟ ಒಂದೇ ಒಂದು ಸೆಟ್ಟಿಂಗ್. ನಿಧಿಯವರು ಬೇರೊಂದು ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದರು. ಅದೂ ನೆರವಿಗೆ ಬಂತು. ಐದು ಲಕ್ಷಕ್ಕೂ ಹೆಚ್ಚು ಸದಸ್ಯರ ಸೇವೆ ಮತ್ತೆ ಶುರುವಾಯಿತು.

ಹೀಗೆ ಹೊರಗೆ ಬ್ಯಾಕಪ್ ಇಡಲು ಸಮಯವೂ ಬೇಕು. ಒಂದು ಟೆರಾಬೈಟ್ ಡೇಟಾವನ್ನು 100 ಎಂಬಿಪಿಎಸ್ ಲೈನಿನಲ್ಲಿ ಕಳಿಸಲು ಕಡಿಮೆಯೆಂದರೂ 22 ಗಂಟೆ ಬೇಕು. 10 ಎಂಬಿಪಿಎಸ್ ಆದರೆ ಒಂಬತ್ತು ದಿನ ಮೀರುತ್ತದೆ. ಅಪ್‌ಲೋಡ್ ವೇಗ ಎಷ್ಟೆಂದು ಕೇಳಿಯೇ ಲೈನ್ ಹಾಕಿಸಿ.

ಅಮೆಜಾನ್, ಅಜೂರ್, ಗೂಗಲ್ ಕ್ಲೌಡ್‌ಗಳಲ್ಲಿ ಡೇಟಾ ಒಳಗೆ ಹಾಕುವುದು ಸಾಮಾನ್ಯವಾಗಿ ಪುಕ್ಕಟೆ, ಹೊರಗೆ ತೆಗೆಯಲು ಶುಲ್ಕ.

ಕಂಪನಿಯೆಂದು ನೋಂದಾಯಿಸಿದ್ದೀರಾ? ಲೆಕ್ಕಪುಸ್ತಕ ಎಲೆಕ್ಟ್ರಾನಿಕ್ ರೂಪದಲ್ಲಿದ್ದರೆ ಅದರ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರಿನಲ್ಲಿ ಇರಬೇಕು, 2022ರ ಆಗಸ್ಟ್ ತಿದ್ದುಪಡಿಯ ನಂತರ ಅದೂ ಪ್ರತಿದಿನ. ಅಮೆಜಾನ್ ಮುಂಬೈ ಮತ್ತು ಹೈದರಾಬಾದಿನಲ್ಲಿ, ಗೂಗಲ್ ಮುಂಬೈ ಮತ್ತು ದೆಹಲಿಯಲ್ಲಿ, ಮೈಕ್ರೋಸಾಫ್ಟ್ ಪುಣೆ ಮತ್ತು ಚೆನ್ನೈನಲ್ಲಿ ಕ್ಲೌಡ್ ಕೇಂದ್ರಗಳನ್ನು ಹೊಂದಿವೆ. ನಿಮ್ಮ ಬ್ಯಾಕಪ್ ಯಾವ ಊರಿನಲ್ಲಿದೆ ಎಂದು ಲಿಖಿತವಾಗಿ ಕೇಳಿ ಪಡೆಯಿರಿ.

ನಾಳೆ ಕಚೇರಿಗೆ ಹೋದವರು ಒಂದು ಕೆಲಸ ಮಾಡಿ. ಕಳೆದ ವರ್ಷದ ಯಾವುದಾದರೂ ಒಂದು ಫೈಲನ್ನು ಬ್ಯಾಕಪ್‌ನಿಂದ ವಾಪಸ್ ತರಿಸಿ, ತೆರೆದು ನೋಡಿ. ತೆರೆಯದಿದ್ದರೆ ಅಂದೇ ಸೇವೆ ಕೊಟ್ಟವರಿಗೆ ಫೋನ್ ಮಾಡಿ.