ಫ್ರೇಮು ಬಿಚ್ಚಿದಾಗ ತಿಳಿದ ಬೆಲೆ

‘ಲೇ, ನೀನು ಬಿಇ ಓದ್ತಿದ್ದೀಯ ತಾನೆ? ಇದಕ್ಕೆ ಎಷ್ಟು ಬರುತ್ತೆ ಅಂತ ನೋಡಿ ಹೇಳೋ.’

ರಜೆಗೆ ಊರಿಗೆ ಹೋದ ಮೊದಲ ದಿನವೇ ಮಾವ ಗೋಡೆಯಿಂದ ಫ್ರೇಮು ಇಳಿಸಿ ನನ್ನ ಮುಂದಿಟ್ಟರು. ಪಾವಗಡ ತಾಲ್ಲೂಕಿನ ನಮ್ಮ ಕ್ಯಾತಗಾನಚೆರ್ಲಿನಲ್ಲಿ ಅವರ ಮನೆಗೆ ಹೋದವರಿಗೆಲ್ಲ ಮೊದಲು ಕಾಣುವುದೇ ಅದು. ಗಾಜಿನ ಹಿಂದೆ ಹನ್ನೆರಡು ಕ್ರಿಕೆಟ್ ಕಾರ್ಡುಗಳು. ಗಾವಸ್ಕರ್, ಕಪಿಲ್ ದೇವ್, ಶ್ರೀಕಾಂತ್, ನಮ್ಮ ಬೆಂಗಳೂರಿನ ರೋಜರ್ ಬಿನ್ನಿ... 1987ರ ವಿಶ್ವಕಪ್ ಹೊತ್ತಿನಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಸಿಗುತ್ತಿದ್ದ ಚಿತ್ರಗಳು ಅವು. ಆಗ ಮಾವನಿಗೆ ಹನ್ನೊಂದು ವರ್ಷ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದ ಬಿನ್ನಿ ಎಂದರೆ ಅವರಿಗೆ ಪ್ರಾಣ. ಎಷ್ಟು ಗಮ್ ಅಗಿದರೂ ಬಿನ್ನಿ ಸಿಗದೆ, ಕೊನೆಗೆ ಗೆಳೆಯನಿಗೆ ಎರಡು ಕಪಿಲ್ ಕೊಟ್ಟು ಒಂದು ಬಿನ್ನಿ ತಂದರಂತೆ.

ಇಷ್ಟು ವರ್ಷ ಸುಮ್ಮನಿದ್ದ ಮಾವನಿಗೆ ಈಗ ಬೆಲೆಯ ಚಿಂತೆ ಹತ್ತಿದ್ದು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೊದಿಂದ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 1.26 ಕೋಟಿ ಡಾಲರ್‌ಗೆ ಹರಾಜಾಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ! ಅದಾದ ಮೇಲೆ ಹಳೆಯ ಸಾಮಾನು ಕೊಳ್ಳುವವರೊಬ್ಬರು ಬಂದು ಫ್ರೇಮಿಗೆ 1,500 ರೂಪಾಯಿ ಕೊಡುತ್ತೇನೆ ಎಂದಾಗ ಮಾವ ಬೈದು ಕಳಿಸಿದ್ದರು. ನಗುವ ಹಾಗಿರಲಿಲ್ಲ. ಮಗಳ ಪಿಯು ಫೀಸಿಗೆಂದು ಸಾಕಿದ್ದ ಎರಡು ಮೇಕೆಗಳನ್ನು ಮಾರುವುದನ್ನೂ ಅವರು ನಿಲ್ಲಿಸಿದ್ದರು. ‘ಕಾರ್ಡು ಹೋದ್ರೆ ಮೇಕೆ ಉಳೀತವಲ್ಲ’ ಎಂಬುದು ಅವರ ಲೆಕ್ಕ. ಫೀಸು ಕಟ್ಟಲು ಉಳಿದಿದ್ದದ್ದು ಹತ್ತು ದಿನ.

ನನಗೆ ಕಾರ್ಡುಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಎರಡು ದಿನ ಕೂತು ಓದಿದೆ. ಮೊದಲು ತಿಳಿದದ್ದು, ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದಕ್ಕೂ ಬೆಲೆ ಬರುವುದಿಲ್ಲ ಎಂಬುದು. ಕೊಳ್ಳುವವರು ಬೇಕು, ವಸ್ತು ಅಪರೂಪವಾಗಿರಬೇಕು, ಸ್ಥಿತಿ ಚೆನ್ನಾಗಿರಬೇಕು. ಮ್ಯಾಂಟಲ್ ಕಾರ್ಡಿಗೆ ಮೂರೂ ಇದ್ದವು. ಆ ಸರಣಿಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಕಂಪನಿಯವರೇ 1960ರಲ್ಲಿ ಸಮುದ್ರಕ್ಕೆ ಸುರಿದಿದ್ದರು. ಹಾಗಾಗಿ ಉಳಿದವು ಕಡಿಮೆ. ಹರಾಜಾದ ಕಾರ್ಡಿಗೆ ಪರೀಕ್ಷಕರು ಹತ್ತಕ್ಕೆ 9.5 ಅಂಕ ಕೊಟ್ಟಿದ್ದರು.

ಈ ಅಂಕ ಕೊಡುವ ಕ್ರಮ ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗಿಂತ ಕಟ್ಟುನಿಟ್ಟು. ಚಿತ್ರ ನಾಲ್ಕೂ ಅಂಚಿನಿಂದ ಸಮ ದೂರದಲ್ಲಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರು, ಕಲೆ, ಮಡಿಕೆ ಇದೆಯೇ ಎಂದು ನೋಡುತ್ತಾರೆ. ಜೊತೆಗೆ ಅಸಲಿಯೋ ನಕಲಿಯೋ ಎಂಬ ಪರೀಕ್ಷೆ. ಭೂತಗನ್ನಡಿ ಹಿಡಿದರೆ ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಸಾಲಾಗಿ, ಒಂದು ಕ್ರಮದಲ್ಲಿ ಕಾಣುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನಕಲಿನಲ್ಲಿ ಚುಕ್ಕಿಗಳು ಚೆಲ್ಲಿದ ಹಾಗಿರುತ್ತವೆ. ಇದೆಲ್ಲ ಗಾಜಿನ ಮೇಲಿಂದ ಆಗುವ ಕೆಲಸವಲ್ಲ.

‘ಮಾವ, ಫ್ರೇಮು ಬಿಚ್ಚಬೇಕು’ ಎಂದೆ. ಅವರ ಮುಖ ಸಣ್ಣದಾಯಿತು. ಮೂವತ್ತು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ಆಮೇಲೆ ಅವರೇ ಸ್ಕ್ರೂಡ್ರೈವರ್ ತಂದು ಹಿಂದಿನ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದರು.

ಕಾರ್ಡುಗಳು ಅಸಲಿ. ಚುಕ್ಕಿಗಳು ಸಾಲಾಗಿಯೇ ಇದ್ದವು. ಆದರೆ ಹನ್ನೆರಡನ್ನೂ ರಟ್ಟಿಗೆ ಗೋಂದು ಹಾಕಿ ಅಂಟಿಸಲಾಗಿತ್ತು. ಒಂದರ ಮೂಲೆಯನ್ನು ಮೆಲ್ಲಗೆ ಎತ್ತಿದರೆ ಹಿಂಬದಿಯ ಕಾಗದದ ಪದರವೇ ಕಿತ್ತು ಬರತೊಡಗಿತು. ಅಲ್ಲಿಗೆ ನಿಲ್ಲಿಸಿದೆ. ಸ್ಕೇಲ್ ಇಟ್ಟು ಅಳೆದರೆ ನಾಲ್ಕು ಕಾರ್ಡು ಉಳಿದವಕ್ಕಿಂತ ಚಿಕ್ಕವು. ಚೌಕಟ್ಟಿಗೆ ಹೊಂದಲೆಂದು ಫ್ರೇಮು ಕಟ್ಟುವವರು ಅಂಚು ಕತ್ತರಿಸಿದ್ದರು. ಕಾರ್ಡಿನ ಲೋಕದಲ್ಲಿ ಇದು ಸಣ್ಣ ತಪ್ಪಲ್ಲ. 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಗಿದ್ದ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಚನ್ನು ಹಿಂದೊಮ್ಮೆ ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡಾಗ ಅದು ದೊಡ್ಡ ಸುದ್ದಿಯಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡಿದ್ದು ಬಿಸಿಲು. ಚೌಕಟ್ಟಿನ ಮರದ ಕೆಳಗೆ ಮುಚ್ಚಿಹೋಗಿದ್ದ ಎರಡು ಮಿಲಿಮೀಟರ್ ಅಂಚು ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಉಳಿದ ಚಿತ್ರವೆಲ್ಲ ತಿಳಿ ನೀಲಿ. ಕೆಂಪು, ಹಳದಿ ಶಾಯಿಗಳು ಬೆಳಕಿಗೆ ಬೇಗ ಮಾಸುತ್ತವೆ, ನೀಲಿ ಉಳಿಯುತ್ತದೆ. ಫ್ರೇಮು ತೂಗುಹಾಕಿದ್ದದ್ದು ಬಾಗಿಲಿಗೆ ಎದುರು. ನಮ್ಮೂರೂ ಸೇರಿ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಹಾಕಿದ್ದೇ ಇಲ್ಲಿನ ಬಿಸಿಲು ನೋಡಿ. ಅದು ಬಿನ್ನಿಯನ್ನು ಬಿಡುತ್ತದೆಯೇ?

ಇನ್ನು ಬೆಲೆ. ಆನ್‌ಲೈನಿನಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಮಾರಾಟವಾದದ್ದನ್ನು ಮಾತ್ರ ಹುಡುಕಿದೆ. ಅಂಟಿಸಿದ, ಕತ್ತರಿಸಿದ, ಬಣ್ಣ ಹೋದ ಕಾರ್ಡುಗಳಿಗೆ ಆ ಸಾಮಾನಿನವರು ಹೇಳಿದ 1,500 ರೂಪಾಯಿ ಮೋಸದ ಮಾತಾಗಿರಲಿಲ್ಲ.

ಇದನ್ನು ಹೇಳುವುದು ಹೇಗೆ? ‘ಇನ್ನೂ ವಿಚಾರಿಸ್ತೀನಿ ಮಾವ’ ಎಂದು ಹಾಸ್ಟೆಲ್ಲಿಗೆ ಹೊರಟುಬಿಡಬಹುದಿತ್ತು. ಹಾಗೆ ಮಾಡಿದ್ದರೆ ಅವರು ಫೀಸಿನ ಕೊನೆಯ ದಿನದವರೆಗೂ ಕಾಯುತ್ತಿದ್ದರು. ರಾತ್ರಿ ಊಟವಾದ ಮೇಲೆ ಸ್ಕೇಲು, ಭೂತಗನ್ನಡಿ ಎರಡನ್ನೂ ಅವರ ಕೈಗೇ ಕೊಟ್ಟು, ನಾನು ನೋಡಿದ್ದನ್ನೆಲ್ಲ ತೋರಿಸಿದೆ. ಕೆಂಪಗೆ ಉಳಿದಿದ್ದ ಆ ಅಂಚನ್ನು ಅವರು ಬಹಳ ಹೊತ್ತು ನೋಡಿದರು.

‘ಕಡ್ಲೆಕಾಯಿ ಮಾರೋಕೆ ಹೋದಾಗ ಒಂದು ಹಿಡಿ ಸುಲಿದು ಬೀಜ ನೋಡಿಯೇ ರೇಟು ಹೇಳ್ತಾರೆ. ಅದು ಗೊತ್ತಿದ್ದೂ ನಾನು ಸಿಪ್ಪೆ ನೋಡಿ ರೇಟು ಕಟ್ಟಿಕೊಂಡು ಕೂತಿದ್ದೆ ಕಣೋ’ ಎಂದರು. ಆ ವಾರದ ಸಂತೆಗೆ ಮೇಕೆಗಳು ಹೋದವು. ಮಾವನ ಮಗಳ ಫೀಸು ಸಮಯಕ್ಕೆ ಕಟ್ಟಿಯಾಯಿತು.

ಫ್ರೇಮನ್ನು ಮಾರಲಿಲ್ಲ. ಮೊಳೆ ಹೊಡೆದು ಮತ್ತೆ ಕಟ್ಟಿ, ಬಿಸಿಲು ಬೀಳದ ಒಳಗಿನ ಗೋಡೆಗೆ ಹಾಕಿದೆವು. ಎರಡು ಕಪಿಲ್ ಕೊಟ್ಟು ತಂದ ಬಿನ್ನಿಗೆ ಮಾವನ ಲೆಕ್ಕದಲ್ಲಿ ಬೇರೆಯೇ ಬೆಲೆ. ಅದನ್ನು ಕಟ್ಟುವ ಕೆಲಸ ನನ್ನದಲ್ಲ.

ಹಾಸ್ಟೆಲ್ಲಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸವೊಂದಿದೆ. ನನ್ನ ಅಸಲಿ ಮಾರ್ಕ್ಸ್ ಕಾರ್ಡುಗಳನ್ನು ಲ್ಯಾಮಿನೇಷನ್ ಮಾಡಿಸಬೇಕೆಂದು ತೆಗೆದಿಟ್ಟಿದ್ದೆ. ಒಮ್ಮೆ ಅಂಟಿತೆಂದರೆ ಕಾಗದ ಹರಿಯದೆ ಪ್ಲಾಸ್ಟಿಕ್ ಬಿಡಿಸಲಾಗದು, ಕಾಗದದ ಮೈಯನ್ನು ಮುಟ್ಟಿ ಪರೀಕ್ಷಿಸಲೂ ಆಗದು. ಅವನ್ನು ಹಾಗೆಯೇ ಪ್ಲಾಸ್ಟಿಕ್ ಹಾಳೆಗಳ ಫೈಲಿಗೆ ಸೇರಿಸಿ, ಬೀರುವಿನ ಕತ್ತಲಲ್ಲಿಟ್ಟೆ. ನಿಮ್ಮವು ಎಲ್ಲಿವೆ, ಒಮ್ಮೆ ನೋಡಿಕೊಳ್ಳಿ.