ಕೆರೆಯ ಮೀನೂ ಸಹಕಾರ ಸಂಘವೂ

ಮೀನುಗಾರರ ಸಂಘವೆಂದೊಡನೆ ಮಂಗಳೂರು, ಕಾರವಾರಗಳ ಕಡಲ ತೀರವೇ ನೆನಪಿಗೆ ಬರುವುದು. ಆದರೆ ಕಡಲಿಗೆ ದೂರವಾದ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿಯೂ ಬಲೆಯನ್ನೇ ನಂಬಿದ ಸಂಸಾರಗಳುಂಟು. ಕಾವೇರಿ, ಸುವರ್ಣಾವತಿ ನದಿಗಳೂ, ಗುಂಡಾಲ್, ಉಡುತೊರೆಹಳ್ಳ ಜಲಾಶಯಗಳೂ, ಊರೂರ ಕೆರೆಗಳೂ ಇವರಿಗೆ ಹೊಲಗದ್ದೆಗಳಿದ್ದಂತೆ.

ಇವರ ಬಡತನಕ್ಕೆ ಮೀನಿನ ಅಭಾವವೊಂದೇ ಕಾರಣವಲ್ಲ. ಒಂಟಿಯಾಗಿ ದುಡಿಯುವ ಬೆಸ್ತನು ಬಲೆಗೂ ಹರಿಗೋಲಿಗೂ ವರ್ತಕನಿಂದ ಮುಂಗಡ ಪಡೆದರೆ, ಹಿಡಿದುದನ್ನು ಅವನು ಹೇಳಿದ ಬೆಲೆಗೇ ಒಪ್ಪಿಸಬೇಕಾಗುವುದು. ರಾಗಿಯಂತೆ ಹಗೇವಿನಲ್ಲಿಟ್ಟು ಬೆಲೆಗಾಗಿ ಕಾಯೋಣವೆಂದರೆ ಮೀನು ಕೆಡದೆ ಉಳಿಯದು. ಕೆರೆಯು ಹರಾಜಾದರೆ ಹಣವುಳ್ಳವನು ಹಿಡಿಯುವನು. ಬೆಸ್ತನು ತನ್ನ ಊರ ಕೆರೆಯಲ್ಲಿಯೇ ಕೂಲಿಯಾಳಾಗುವನು.

ರೈತರೂ ಹಿಂದೆ ಇಂಥ ಸಾಲದ ಕಷ್ಟವನ್ನು ಕಂಡವರೇ. ೧೯೦೪ರಲ್ಲಿ ಸಹಕಾರ ಕಾನೂನು ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಊರವರ ಸಂಘವನ್ನು ಸ್ಥಾಪಿಸಿದರು. ಅದೇ ಮಾರ್ಗವು ಬೆಸ್ತರಿಗೂ ಹಿತವಾದುದು. ಸದಸ್ಯರ ಷೇರು ಹಣದಿಂದ ಬಲೆಯನ್ನೂ ಬಿತ್ತನೆ ಮರಿಯನ್ನೂ ಒಟ್ಟಾಗಿ ಕೊಳ್ಳಬಹುದು. ಏರಿಯ ಮೇಲೆ ಎಲ್ಲರೆದುರು ತೂಗಿ ಒಂದೇ ಬೆಲೆಗೆ ಮಾರಬಹುದು. ಕೆರೆಗಳ ಮೀನುಪಾಶುವಾರು ಹಕ್ಕಿನ ಗುತ್ತಿಗೆಯಲ್ಲಿ ಸಹಕಾರ ಸಂಘಗಳಿಗೆ ಆದ್ಯತೆಯೂ ಉಂಟು.

ಬಿತ್ತನೆಗೆ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಯುಕ್ತವಾದುವು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿಯೂ, ರೋಹು ನಡುವೆಯೂ, ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಒಂದೇ ಕೆರೆಯು ಮೂರು ಬೆಳೆ ಕೊಡುವುದು. ಇವು ನಿಂತ ನೀರಿನಲ್ಲಿ ತಾವಾಗಿ ಮರಿಮಾಡವು. ೧೯೫೭ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸುವ ವಿಧಾನದಲ್ಲಿ ಸಫಲರಾದ ಮೇಲೆ ಮರಿಗಳು ಸುಲಭವಾಗಿ ದೊರೆಯುವಂತಾದುವು. ಆದುದರಿಂದ ಕೆರೆ ತುಂಬಿದೊಡನೆ ಮರಿ ಬಿಡತಕ್ಕದ್ದು. ತೀರ ಎಳೆಯ ಮರಿಯನ್ನು ದೊಡ್ಡ ಮೀನು ನುಂಗುವುದರಿಂದ, ಬೆರಳುದ್ದ ಬೆಳೆದುದನ್ನೇ ಬಿಡುವುದು ಒಳ್ಳೆಯದು. ಬಲೆಯ ಕಣ್ಣು ಅಗಲವಾಗಿದ್ದರೆ ಎಳೆಯ ಮೀನು ತಪ್ಪಿಸಿಕೊಂಡು ಬೆಳೆಯುವುದು.

ಇಷ್ಟಾದರೂ ಊರ ಮುಖಂಡರ ಮತ್ತು ಜಮೀನುದಾರರ ನೆರವಿಲ್ಲದೆ ಸಂಘವು ನಿಲ್ಲಲಾರದು. ತೂಬನ್ನು ಎತ್ತುವ ಅಧಿಕಾರವು ಅಚ್ಚುಕಟ್ಟಿನವರದಾದರೆ, ತಳದ ನೀರನ್ನೇ ನಂಬಿದ ಬದುಕು ಬೆಸ್ತರದು. ಬೇಸಗೆಯಲ್ಲಿ ಕೊನೆಯ ಹನಿಯವರೆಗೂ ನೀರೆಳೆದರೆ ವರ್ಷದ ದುಡಿಮೆಯೆಲ್ಲ ಕೆಸರಿನಲ್ಲಿ ಸಾಯುವುದು. ತಳದಲ್ಲಿ ಇಷ್ಟು ನೀರು ಉಳಿಯಬೇಕೆಂದು ಗದ್ದೆಯವರೂ ಸಂಘದವರೂ ಮೊದಲೇ ಕೂಡಿ ಗೊತ್ತುಮಾಡಿಕೊಳ್ಳುವುದು ಲೇಸು. ಕೀಟನಾಶಕದ ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯಲಾಗದು. ಸಂಘದ ಹೆಸರನ್ನು ಮುಂದಿಟ್ಟುಕೊಂಡು ಹಣವಂತನೊಬ್ಬನು ಕೆರೆ ಹಿಡಿಯುವುದಕ್ಕೆ ಮುಖಂಡರು ಆಸ್ಪದ ಕೊಡಬಾರದು. ಬಲೆ ಬೀಸುವವರೇ ಸದಸ್ಯರಾಗಿರಬೇಕು, ಲೆಕ್ಕವನ್ನು ಸಭೆಯಲ್ಲಿ ಓದಿಹೇಳಬೇಕು.

ಏರಿ ಒಡೆಯುವ ಭಯ ಬಂದಾಗ ಊರೆಲ್ಲ ಗುದ್ದಲಿ ಹಿಡಿದು ಓಡುವುದಷ್ಟೆ. ಅದೇ ಏರಿಯ ಒಳಗಿನ ಬದುಕನ್ನು ಕಾಯುವುದೂ ಊರಿನ ಕೆಲಸವೇ.