ಅಜ್ಜನ ನಡಿಗೆಯೂ ಮಿದುಳೂ

ವಿದ್ಯಾರ್ಥಿಗಳೇ, ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯ ಬಳಿ ಇರುವ ಅಂಜನಾದ್ರಿಗೆ 500ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅವನ್ನು ಹತ್ತುವಾಗ ಕಾಲುಗಳ ಜೊತೆಗೆ ಮಿದುಳೂ ದುಡಿಯುತ್ತದೆ. ಹೆಜ್ಜೆಯ ಅಳತೆ, ಮೈಯ ಸಮತೋಲನ ಎಲ್ಲವೂ ಅದರ ಹೊಣೆ.

ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ವಯಸ್ಸಾದಂತೆ ಕುಗ್ಗುತ್ತದೆ. ಇದನ್ನು ತಡೆಯಬಹುದೇ? ಅಮೆರಿಕದ ವಿಜ್ಞಾನಿಗಳು 120 ವೃದ್ಧರನ್ನು ಎರಡು ಗುಂಪು ಮಾಡಿ ಒಂದು ವರ್ಷ ಪರೀಕ್ಷಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ 3 ದಿನ ಚುರುಕಾಗಿ ನಡೆದವರಲ್ಲಿ ಆ ಭಾಗ ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಕೈಕಾಲು ಚಾಚುವ ಹಗುರ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ವಿವರಿಸಿದ ಕಾಯಿಲೆಯ ಬಗೆ ಬೇರೆ. ಇದರಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಮಿದುಳಿನ ಜೀವಕೋಶಗಳು ಸಾಯುತ್ತವೆ. ಕೈ ನಡುಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಚಲನೆ ನಿಧಾನವಾಗುತ್ತದೆ. ಕಾಯಿಲೆಯ ಆರಂಭದಲ್ಲಿದ್ದ 128 ಮಂದಿಯ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಟ್ರೆಡ್‌ಮಿಲ್ ಮೇಲೆ ಬಿರುಸಿನ ವ್ಯಾಯಾಮ ಮಾಡಿದವರ ಚಲನೆಯ ತೊಂದರೆ 6 ತಿಂಗಳಲ್ಲಿ ಬಹುಮಟ್ಟಿಗೆ ಹೆಚ್ಚಲಿಲ್ಲ, ಮಾಡದವರಲ್ಲಿ ಹೆಚ್ಚಿತು. ಆದರೆ ವ್ಯಾಯಾಮದಿಂದ ರೋಗ ವಾಸಿಯಾಗದು, ಔಷಧಿಯೂ ಬೇಕು.

ನಮ್ಮ ರಾಜ್ಯದಲ್ಲಿಯೂ ಇಂಥ ಹುಡುಕಾಟ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಗಮನಿಸುತ್ತಿದೆ.

ಅಜ್ಜನ ಹೆಜ್ಜೆ ಗಿಡ್ಡವಾದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ. ಎಷ್ಟು ನಡೆಯಬಹುದೆಂದು ಕೇಳಿ ತಿಳಿದು, ದಿನವೂ ಅವರ ಜೊತೆ ನೀವೂ ಹೆಜ್ಜೆ ಹಾಕಿ. ಬೆಟ್ಟವನ್ನೇ ಹತ್ತಬೇಕೆಂದಿಲ್ಲ, ಊರ ದಾರಿಯೇ ಸಾಕು.